ಎಲ್ ಸೆಂಟ್ರೊ ದೆ ಲಾ ರಾಸಾ: ಸಿಯಾಟಲ್‌ನ ಖಾಲಿ ಶಾಲೆಯೊಂದು ಹಿಸ್ಪಾನಿಕ್ ಸಮುದಾಯದ ಸಂಸ್ಥೆಯಾದದ್ದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಸಂಸ್ಥೆ, ಎಲ್ಲಿದೆ?

ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್ ನಗರದ ಬೀಕನ್ ಹಿಲ್ ಬಡಾವಣೆಯಲ್ಲಿದೆ. ರಾಜಧಾನಿ ವಾಷಿಂಗ್ಟನ್ ಡಿ.ಸಿ. ದೇಶದ ಇನ್ನೊಂದು ತುದಿ. ಎರಡನ್ನೂ ಬೆರೆಸಿ ಕೇಳುವವರು ಬಹಳ ಮಂದಿ. 1904ರಲ್ಲಿ ಕಟ್ಟಿದ ಮರದ ಶಾಲಾ ಕಟ್ಟಡವೇ ಸಂಸ್ಥೆಯ ಮನೆ. ಅಲ್ಲಿ ಎರಡು ಭಾಷೆಯ ಶಿಶುವಿಹಾರ, ಆಹಾರಧಾನ್ಯ ಹಂಚುವ ಫುಡ್ ಬ್ಯಾಂಕ್, ಹಿರಿಯರಿಗೆ ಊಟ, ಯುವಕರಿಗೆ ತರಬೇತಿ, ಮನೆ ಕೊಳ್ಳುವವರಿಗೆ ಸಲಹೆ, ಎಲ್ಲವೂ ನಡೆಯುತ್ತವೆ.

ಕೆಳಗಿನ ಉತ್ತರಗಳಲ್ಲಿ ಸೇವೆಗಳಿಗಿಂತ ಕಟ್ಟಡದ ಮಾತೇ ಹೆಚ್ಚು. ಈ ಸಂಸ್ಥೆಯ ಚರಿತ್ರೆ ಬಹುಪಾಲು ಆ ಕಟ್ಟಡದ ಕಾಗದಪತ್ರದ ಚರಿತ್ರೆ. ಒಳಹೊಕ್ಕು ಕೂತದ್ದು ಮೂರು ತಿಂಗಳು. ಅದು ಸ್ವಂತದ್ದಾಗಲು ಹಿಡಿದದ್ದು 27 ವರ್ಷ.

ಹೆಸರನ್ನು ಹೇಗೆ ಹೇಳಬೇಕು? ಅರ್ಥವೇನು?

ಸ್ಪ್ಯಾನಿಶ್‌ನಲ್ಲಿ ‘ಎಲ್ ಸೆಂಟ್ರೊ’ ಎಂದರೆ ಕೇಂದ್ರ. ಕೊನೆಯ ಪದವನ್ನು ಇಂಗ್ಲಿಷ್ ಕಾಗುಣಿತ ನೋಡಿ ‘ರಾಝಾ’ ಎಂದು ಓದಬೇಡಿ. ಲ್ಯಾಟಿನ್ ಅಮೆರಿಕದ ಸ್ಪ್ಯಾನಿಶ್‌ನಲ್ಲಿ ಆ ಅಕ್ಷರಕ್ಕೆ ‘ಸ’ ಧ್ವನಿ: ರಾಸಾ.

ನಿಘಂಟಿನಲ್ಲಿ ರಾಸಾ ಎಂದರೆ ಜನಾಂಗ. ಮೆಕ್ಸಿಕನ್ ಅಮೆರಿಕನ್ನರ ಬಾಯಲ್ಲಿ ಅದು ‘ನಮ್ಮ ಜನ’, ‘ನಮ್ಮವರು’ ಎನ್ನುವ ಹತ್ತಿರದ ಮಾತು. ಸಂಸ್ಥೆ ಮಾತ್ರ ತನ್ನ ಹೆಸರನ್ನು ‘ಎಲ್ಲ ಜನಾಂಗದವರ ಕೇಂದ್ರ’ ಎಂದು ಅನುವಾದಿಸಿಕೊಳ್ಳುತ್ತದೆ. ಇದನ್ನು ಸೌಜನ್ಯದ ಅನುವಾದ ಎಂದು ತಳ್ಳಿಹಾಕುವಂತಿಲ್ಲ. 1972ರಲ್ಲಿ ಶಾಲೆಯೊಳಗೆ ಕೂತವರಲ್ಲಿ ಕಪ್ಪುಜನ, ಮೂಲನಿವಾಸಿಗಳು, ಏಷ್ಯಾ ಮೂಲದವರು, ಬಿಳಿಯರು ಎಲ್ಲರೂ ಇದ್ದರು.

ಒಂದು ಗೊಂದಲ ಇಲ್ಲೇ ತೀರಲಿ. ‘ನ್ಯಾಷನಲ್ ಕೌನ್ಸಿಲ್ ಆಫ್ ಲಾ ರಾಸಾ’ ಎಂಬ ರಾಷ್ಟ್ರಮಟ್ಟದ ಸಂಸ್ಥೆ ಬೇರೆ. ಅದು 2017ರಲ್ಲಿ ‘ಯುನಿಡೋಸ್ ಯುಎಸ್’ ಎಂದು ಹೆಸರು ಬದಲಿಸಿಕೊಂಡಿತು. ಸಿಯಾಟಲ್‌ನದು ಹಳೆಯ ಹೆಸರಿನಲ್ಲೇ ಇದೆ.

ಹಿಸ್ಪಾನಿಕ್, ಲ್ಯಾಟಿನೊ, ಚಿಕಾನೊ: ಮೂರೂ ಒಂದೇ ಅಲ್ಲವೇ?

ಅಲ್ಲ. ಹಿಸ್ಪಾನಿಕ್ ಎಂಬುದು ಭಾಷೆ ಹಿಡಿದು ಮಾಡಿದ ಗುಂಪು. ಸ್ಪ್ಯಾನಿಶ್ ಮಾತಾಡುವ ದೇಶಗಳ ಮೂಲದವರು. ಸ್ಪೇನ್ ಇದರಲ್ಲಿ ಸೇರುತ್ತದೆ, ಪೋರ್ಚುಗೀಸ್ ಮಾತಾಡುವ ಬ್ರೆಜಿಲ್ ಸೇರುವುದಿಲ್ಲ. ಲ್ಯಾಟಿನೊ ಎಂಬುದು ಭೂಭಾಗ ಹಿಡಿದದ್ದು. ಬ್ರೆಜಿಲ್ ಒಳಗೆ, ಸ್ಪೇನ್ ಹೊರಗೆ. ಚಿಕಾನೊ ಎಂಬುದು 1960ರ ದಶಕದಲ್ಲಿ ಮೆಕ್ಸಿಕನ್ ಅಮೆರಿಕನ್ ಯುವಕರು ಬೈಗುಳವನ್ನೇ ಹೆಮ್ಮೆಯ ಹೆಸರಾಗಿ ತಿರುಗಿಸಿಕೊಂಡದ್ದು. ಅದರಲ್ಲಿ ರಾಜಕೀಯ ನಿಲುವೂ ಸೇರಿದೆ.

‘ಹಿಸ್ಪಾನಿಕ್’ ಸರ್ಕಾರಿ ವರ್ಗವಾಗಿ ನೆಲೆಯಾದದ್ದು 1977ರ ಕೇಂದ್ರ ಸರ್ಕಾರದ ನಿರ್ದೇಶನದಿಂದ. ಎಲ್ಲ ಮನೆಗಳಿಗೂ ಈ ಪ್ರಶ್ನೆ ಕೇಳಿದ್ದು 1980ರ ಜನಗಣತಿಯಲ್ಲಿ. ಆದ್ದರಿಂದ 1972ರವರನ್ನು ‘ಹಿಸ್ಪಾನಿಕ್ ಹೋರಾಟಗಾರರು’ ಎಂದು ಬರೆಯುವುದು ಕಾಲ ತಪ್ಪಿದ ಮಾತು. ಅವರು ತಮ್ಮನ್ನು ಚಿಕಾನೊ ಎಂದೇ ಕರೆದುಕೊಂಡರು. ಸ್ಥಳೀಯ ಸಂಸ್ಥೆಗಳ ಚರಿತ್ರೆ ಬರೆಯುವವರು ಅತಿ ಹೆಚ್ಚು ಮಾಡುವ ತಪ್ಪು ಇದು.

ಮೆಕ್ಸಿಕೊ ಗಡಿಯಿಂದ ಇಷ್ಟು ದೂರದ ಸಿಯಾಟಲ್‌ಗೆ ಇವರು ಬಂದದ್ದು ಹೇಗೆ?

ಹೊಲದ ಕೆಲಸಕ್ಕೆ. 1942ರಲ್ಲಿ ಅಮೆರಿಕ ಮತ್ತು ಮೆಕ್ಸಿಕೊ ಸರ್ಕಾರಗಳು ಮಾಡಿಕೊಂಡ ಬ್ರಸೆರೊ ಒಪ್ಪಂದದಡಿ ಕಾರ್ಮಿಕರು ವಾಷಿಂಗ್ಟನ್ ರಾಜ್ಯದ ಪೂರ್ವಭಾಗಕ್ಕೂ ಬಂದರು. ಯಾಕಿಮಾ ಕಣಿವೆಯಲ್ಲಿ ಬೀಟ್ರೂಟ್ ಜಾತಿಯ ಸಕ್ಕರೆ ಗೆಡ್ಡೆ, ಬಿಯರ್‌ಗೆ ಹಾಕುವ ಹಾಪ್ಸ್, ಶತಾವರಿ ಜಾತಿಯ ಆಸ್ಪ್ಯಾರಗಸ್, ಸೇಬು. ಯುದ್ಧ ಮುಗಿದ ಮೇಲೆ ಟೆಕ್ಸಾಸ್ ಕಡೆಯ ಮೆಕ್ಸಿಕನ್ ಅಮೆರಿಕನ್ ಕುಟುಂಬಗಳು ಸುಗ್ಗಿ ಹಿಂಬಾಲಿಸಿ ಬಂದು ನೆಲೆ ನಿಂತವು. ಅವರಲ್ಲಿ ಒಂದು ಪಾಲು ಕಾರ್ಖಾನೆ, ಕಾಲೇಜು ಹುಡುಕಿ ಬೆಟ್ಟಸಾಲು ದಾಟಿ ಸಿಯಾಟಲ್‌ಗೆ ಇಳಿಯಿತು.

ಸಂಸ್ಥೆಯ ಪ್ರಮುಖ ಸ್ಥಾಪಕ ರೊಬೆರ್ಟೊ ಮಾಯೆಸ್ತಾಸ್ ಕೂಡ ಇದೇ ದಾರಿಯವರು. 1938ರಲ್ಲಿ ನ್ಯೂ ಮೆಕ್ಸಿಕೊದಲ್ಲಿ ಹುಟ್ಟಿ, ಹದಿಹರೆಯದಲ್ಲಿ ವಾಷಿಂಗ್ಟನ್ ರಾಜ್ಯದ ಹೊಲಗಳಿಗೆ ಬಂದು, ಆಮೇಲೆ ಓದಿ, ಸಿಯಾಟಲ್‌ನ ಫ್ರಾಂಕ್ಲಿನ್ ಹೈಸ್ಕೂಲಿನಲ್ಲಿ ಸ್ಪ್ಯಾನಿಶ್ ಮೇಷ್ಟ್ರಾದರು. 1968ರ ಮಾರ್ಚ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಧರಣಿ ಕೂತದ್ದು ಇದೇ ಶಾಲೆಯಲ್ಲಿ.

1972ರಲ್ಲಿ ನಿಜವಾಗಿ ಏನಾಯಿತು? ಶಾಲೆಯನ್ನೇ ಏಕೆ ಹಿಡಿದರು?

ಆಗಿನ ಊರಿನ ಸ್ಥಿತಿ ತಿಳಿಯದೆ ಇದು ಅರ್ಥವಾಗುವುದಿಲ್ಲ. ಸಿಯಾಟಲ್ ಬೋಯಿಂಗ್ ಕಂಪನಿಯ ಊರು. ಲಕ್ಷದಷ್ಟಿದ್ದ ಅದರ ನೌಕರರ ಸಂಖ್ಯೆ 1971ರ ಹೊತ್ತಿಗೆ 40,000ಕ್ಕಿಂತ ಕೆಳಗೆ ಕುಸಿಯಿತು. ‘ಸಿಯಾಟಲ್ ಬಿಟ್ಟು ಹೋಗುವ ಕೊನೆಯವರು ದೀಪ ಆರಿಸಿ ಹೋಗಿ’ ಎಂಬ ಜಾಹೀರಾತು ಫಲಕ ಆಗಿನದೇ. ಜನ ಊರು ಬಿಟ್ಟರೆ ಶಾಲೆಗೆ ಮಕ್ಕಳು ಎಲ್ಲಿಂದ? ಬೀಕನ್ ಹಿಲ್‌ನ ಹಳೇ ಶಾಲೆ ಬೀಗ ಹಾಕಿಕೊಂಡು ಖಾಲಿ ಬಿದ್ದಿತ್ತು.

ಅದೇ ಹೊತ್ತಿಗೆ ಸೌತ್ ಸಿಯಾಟಲ್ ಕಮ್ಯುನಿಟಿ ಕಾಲೇಜಿನ ಡುವಾಮಿಶ್ ಶಾಖೆಯಲ್ಲಿ ವಯಸ್ಕರಿಗೆ ಇಂಗ್ಲಿಷ್ ಕಲಿಸುವ ತರಗತಿಗಳ ಹಣ ನಿಂತಿತು. ಇದನ್ನು ಸಣ್ಣ ವಿಷಯ ಎಂದುಕೊಳ್ಳಬೇಡಿ. ಚದುರಿ ಹೋದ ಚಿಕಾನೊ ಕುಟುಂಬಗಳು ಒಬ್ಬರನ್ನೊಬ್ಬರು ನೋಡುತ್ತಿದ್ದ ಜಾಗ ಅದೊಂದೇ ಎಂಬಂತಿತ್ತು. ತರಗತಿ ಹೋದರೆ ಜಾಗ ಹೋಯಿತು, ಜಾಗ ಹೋದರೆ ಗುಂಪು ಹೋಯಿತು.

1972ರ ಅಕ್ಟೋಬರ್ 11, ಬುಧವಾರ. ಶಾಲೆಯ ಕಟ್ಟಡ ನೋಡಬೇಕು ಎಂದು ಮೊದಲೇ ಕೇಳಿಕೊಂಡಿದ್ದರು. ತೋರಿಸಲು ಬಂದವರು ಬಾಗಿಲು ತೆಗೆದರು. ಕೆಲವರು ಒಳಗೆ ಹೋದರು. ಅವರ ಬೆನ್ನಿಗೇ ಹೊರಗೆ ಕಾದಿದ್ದವರೂ ನುಗ್ಗಿದರು. ಒಟ್ಟು ಸುಮಾರು 70 ಮಂದಿ: ಶಿಕ್ಷಕರು, ವಿದ್ಯಾರ್ಥಿಗಳು, ಮಕ್ಕಳನ್ನು ಕಟ್ಟಿಕೊಂಡು ಬಂದ ಕುಟುಂಬಗಳು. ಒಳಗೆ ನೀರಿಲ್ಲ, ಬಿಸಿ ಮಾಡುವ ವ್ಯವಸ್ಥೆ ಇಲ್ಲ. ಸಿಯಾಟಲ್‌ನಲ್ಲಿ ನವೆಂಬರ್, ಡಿಸೆಂಬರ್ ಎಂದರೆ ಮಧ್ಯಾಹ್ನ ನಾಲ್ಕೂವರೆಗೇ ಕತ್ತಲು, ಬಿಡದೆ ಜಿನುಗುವ ಮಳೆ. ಅಂಥ ಚಳಿಯಲ್ಲಿ ಅವರು ಅಲ್ಲೇ ಪಾಳಿ ಹಾಕಿಕೊಂಡು ಮಲಗಿದರು, ಅಲ್ಲೇ ತರಗತಿ ನಡೆಸಿದರು. ಪ್ರತಿಭಟನೆಗೆ ಕೂತ ಜಾಗದಲ್ಲೇ ಬೇಕಾದ ಕೆಲಸವನ್ನೂ ಶುರು ಮಾಡಿಬಿಟ್ಟದ್ದು ಇಡೀ ಪ್ರಸಂಗದ ಜಾಣತನ. ಖಾಲಿ ಕಟ್ಟಡ ತೆರವು ಮಾಡಿಸುವುದು ಸುಲಭ, ಮಕ್ಕಳು ಪಾಠ ಕೇಳುತ್ತಿರುವ ಕಟ್ಟಡವಲ್ಲ.

ಮೂರು ತಿಂಗಳ ಮೆರವಣಿಗೆ, ಅರ್ಜಿ, ಮಾತುಕತೆಯ ನಂತರ ವಿಷಯ ನಗರಸಭೆಗೆ ಬಂತು. ಸಭೆ ಒಪ್ಪಿತು, ಮೇಯರ್ ವೆಸ್ ಉಲ್‌ಮನ್ ಒಪ್ಪಲಿಲ್ಲ. ಹೋರಾಟಗಾರರು ಮೇಯರ್ ಕಚೇರಿಯಲ್ಲೇ ಕೂತರು, ಬಂಧನವಾಯಿತು. ಕೊನೆಗೆ ಐದು ವರ್ಷದ ಕರಾರು ಕೈಗೆ ಬಂತು.

ವರ್ಷಕ್ಕೆ 1 ಡಾಲರ್ ಬಾಡಿಗೆ ಎನ್ನುವುದು ನಿಜವೇ? ಪುಕ್ಕಟೆಯಾಗಿ ಕೊಡಬಹುದಿತ್ತಲ್ಲ?

ನಿಜ. ಪುಕ್ಕಟೆ ಕೊಡದಿರುವುದಕ್ಕೆ ಕಾನೂನಿನ ಕಾರಣವಿದೆ. ಪ್ರತಿಫಲವಿಲ್ಲದ ಕರಾರು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಭಾರತದ ಕರಾರು ಕಾಯ್ದೆಯಲ್ಲೂ ಇದೇ ತತ್ವ. ನಮ್ಮಲ್ಲಿ ಸಂಘಸಂಸ್ಥೆಗಳಿಗೆ ಸರ್ಕಾರಿ ಜಾಗವನ್ನು ‘ನಾಮಮಾತ್ರ ಬಾಡಿಗೆ’ಗೆ ಕೊಡುವಾಗ ಒಂದು ಮೊತ್ತ ಬರೆಯುವುದು ಅದಕ್ಕೇ.

ಆದರೆ 1 ಡಾಲರ್ ಕರಾರನ್ನು ಗೆಲುವು ಎಂದು ಹಾಡಿ ಹೊಗಳುವವರು ಅದರ ಇನ್ನೊಂದು ಮುಖ ನೋಡುವುದಿಲ್ಲ. ಇಂಥ ಕರಾರುಗಳಲ್ಲಿ ದುರಸ್ತಿ, ವಿಮೆ, ಬಿಸಿನೀರಿನ ಬಾಯ್ಲರ್, ಸೋರುವ ಮಾಡು ಎಲ್ಲವೂ ಸಾಮಾನ್ಯವಾಗಿ ಬಾಡಿಗೆದಾರನ ತಲೆಗೇ. ಎಪ್ಪತ್ತು ವರ್ಷದ ಮರದ ಕಟ್ಟಡಕ್ಕೆ ಬಾಡಿಗೆ ಸಣ್ಣ ಖರ್ಚು, ದುರಸ್ತಿ ದೊಡ್ಡ ಖರ್ಚು. ಎರಡನೆಯದು, ಸ್ವಂತದ್ದಲ್ಲದ ಕಟ್ಟಡವನ್ನು ಅಡವಿಟ್ಟು ಸಾಲ ತರುವಂತಿಲ್ಲ. ದೊಡ್ಡ ದೇಣಿಗೆ ಕೊಡುವವರು ‘ಕರಾರು ಇನ್ನೆಷ್ಟು ವರ್ಷ ಇದೆ?’ ಎಂದು ಮೊದಲು ಕೇಳುತ್ತಾರೆ. ಐದು ಎಂದರೆ ಹಿಂದೆ ಸರಿಯುತ್ತಾರೆ. ಮೂರನೆಯದು, ಅವಧಿ ಮುಗಿದಾಗಲೆಲ್ಲ ಹೊಸ ಅಧಿಕಾರಿಗಳ ಮುಂದೆ ಹಳೇ ವಾದ ಮತ್ತೆ ಹೂಡಬೇಕು. ಬಡಾವಣೆಯ ಬೆಲೆ ಏರಿದಷ್ಟೂ ‘ನಾಮಮಾತ್ರ’ ಎನ್ನುವುದು ಮಾಲೀಕನ ಕಣ್ಣಿಗೆ ಚುಚ್ಚುತ್ತದೆ.

ಕಟ್ಟಡವನ್ನು ಶಾಲಾ ಜಿಲ್ಲೆಯಿಂದ, ಅಂದರೆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತದಿಂದ, ಸಂಸ್ಥೆ ಕೊಂಡುಕೊಂಡದ್ದು 1999ರಲ್ಲಿ. ಸ್ಮರಣೆಯ ದಿನವಾಗಿ ಎಲ್ಲರೂ ಅಕ್ಟೋಬರ್ 11 ಹೇಳುತ್ತಾರೆ. ನಮ್ಮ ಲೆಕ್ಕದಲ್ಲಿ ಕ್ರಯಪತ್ರದ ವರ್ಷವೂ ಅಷ್ಟೇ ದೊಡ್ಡದು. ಮುಂದೆ ಬಂದ ವಸತಿ ಯೋಜನೆ ನಿಂತಿರುವುದು ಅದರ ಮೇಲೆ.

‘ನಾಲ್ವರ ಗ್ಯಾಂಗ್’ ಎಂದರೆ ಯಾರು?

ಚೀನಾದ ನಾಲ್ವರಲ್ಲ. ಸಿಯಾಟಲ್‌ನವರು ತಮಾಷೆಗೆ ಇಟ್ಟ ಹೆಸರು: ಮಾಯೆಸ್ತಾಸ್, ಮೂಲನಿವಾಸಿಗಳ ನಾಯಕ ಬರ್ನಿ ವೈಟ್‌ಬೇರ್, ಫಿಲಿಪಿನೊ ಮೂಲದ ಬಾಬ್ ಸ್ಯಾಂಟೋಸ್, ಕಪ್ಪು ಸಮುದಾಯದ ಲ್ಯಾರಿ ಗಾಸೆಟ್.

ಖಾಲಿ ಬಿದ್ದ ಸರ್ಕಾರಿ ಆಸ್ತಿಯೊಳಗೆ ಹೋಗಿ ಕೂರುವ ಉಪಾಯ ಚಿಕಾನೊಗಳ ಸ್ವಂತದ್ದಲ್ಲ. 1970ರ ಮಾರ್ಚ್‌ನಲ್ಲಿ ವೈಟ್‌ಬೇರ್ ಮತ್ತು ಸಂಗಡಿಗರು ಸೇನೆ ಬಿಟ್ಟುಕೊಡಲಿದ್ದ ಫೋರ್ಟ್ ಲಾಟನ್ ಒಳಗೆ ನುಗ್ಗಿದ್ದರು. ಅದರ ಫಲವಾಗಿ ಡೇಬ್ರೇಕ್ ಸ್ಟಾರ್ ಎಂಬ ಮೂಲನಿವಾಸಿಗಳ ಕೇಂದ್ರ 1977ರಲ್ಲಿ ತೆರೆಯಿತು. ಇತ್ತ ಬೀಕನ್ ಹಿಲ್ ಶಾಲೆ ಹಿಡಿದ ಮೂರೇ ವಾರಕ್ಕೆ, 1972ರ ನವೆಂಬರ್ 2ರಂದು, ಕಿಂಗ್‌ಡೋಮ್ ಕ್ರೀಡಾಂಗಣದ ಶಂಕುಸ್ಥಾಪನೆಯಲ್ಲಿ ಏಷ್ಯಾ ಮೂಲದ ಯುವಕರು ಕೆಸರು ಎಸೆದು ಪ್ರತಿಭಟಿಸಿದರು. ಪಕ್ಕದಲ್ಲಿದ್ದ ಏಷ್ಯಾ ಮೂಲದವರ ಬಡಾವಣೆ ಇಂಟರ್‌ನ್ಯಾಷನಲ್ ಡಿಸ್ಟ್ರಿಕ್ಟ್ ಉಳಿಸುವ ಆ ಹೋರಾಟದಲ್ಲಿ ಸ್ಯಾಂಟೋಸ್ ಹೆಸರು ದೊಡ್ಡದು. ಗಾಸೆಟ್ 1968ರ ಫ್ರಾಂಕ್ಲಿನ್ ಧರಣಿಯಲ್ಲಿ ಬಂಧಿತರಾಗಿದ್ದವರು. ಮುಂದೆ ಕಿಂಗ್ ಕೌಂಟಿ ಪರಿಷತ್ತಿನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಸದಸ್ಯರಾಗಿದ್ದರು. ಒಬ್ಬರ ಧರಣಿಗೆ ಉಳಿದ ಮೂವರು ಬಂದು ಕೂರುತ್ತಿದ್ದರು. ಹಾಗಾಗಿ ಅಧಿಕಾರಿಗಳಿಗೆ ಒಂದು ಸಮುದಾಯವನ್ನು ಇನ್ನೊಂದರ ಮೇಲೆ ಎತ್ತಿಕಟ್ಟಲು ಆಗಲಿಲ್ಲ.

ಮಾಯೆಸ್ತಾಸ್ ನಂತರ ಸಂಸ್ಥೆ ಯಾರ ಕೈಗೆ ಬಂತು?

2009ರಲ್ಲಿ ಅವರು ನಿವೃತ್ತರಾದಾಗ, ಮೊದಲಿನಿಂದ ಜೊತೆಯಲ್ಲಿದ್ದ ಅವರ ಪತ್ನಿ ಎಸ್ತೆಲಾ ಒರ್ತೇಗಾ ಕಾರ್ಯನಿರ್ವಾಹಕ ನಿರ್ದೇಶಕರಾದರು. ಮಾಯೆಸ್ತಾಸ್ 2010ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು.

ನಾನ್‌ಪ್ರಾಫಿಟ್ ಎಂದರೆ ಲಾಭ ಮಾಡುವಂತಿಲ್ಲ, ರಾಜಕೀಯ ಮಾತಾಡುವಂತಿಲ್ಲ ಅಲ್ಲವೇ?

ಎರಡೂ ಅರ್ಧ ಸತ್ಯ. ವರ್ಷದ ಕೊನೆಗೆ ಹಣ ಉಳಿಸಬಹುದು. ಅದನ್ನು ಯಾರೂ ಹಂಚಿಕೊಳ್ಳುವಂತಿಲ್ಲ, ಅಷ್ಟೆ. ತೆರಿಗೆ ವಿನಾಯಿತಿ ಸಿಗುವುದು ಅಮೆರಿಕದ ಆದಾಯ ತೆರಿಗೆ ಕಾನೂನಿನ 501(ಸಿ)(3) ಕಲಮಿನಡಿ. ಅಮೆರಿಕದ ಅನೇಕ ಕನ್ನಡ ಕೂಟಗಳು ನೋಂದಾಯಿಸಿಕೊಂಡಿರುವುದೂ ಇದರಡಿಯೇ. ಹಾಗಾಗಿ ಈ ಉತ್ತರ ಕೂಟದ ಖಜಾಂಚಿಗಳಿಗೂ ಉಪಯೋಗಕ್ಕೆ ಬಂದೀತು.

ಚುನಾವಣೆಯಲ್ಲಿ ಅಭ್ಯರ್ಥಿಯ ಪರ ಅಥವಾ ವಿರುದ್ಧ ಪ್ರಚಾರ ಮಾಡುವುದಕ್ಕೆ 1954ರಿಂದ ಪೂರ್ತಿ ನಿಷೇಧ. ಆದರೆ ಮಸೂದೆಗಳ ಬಗ್ಗೆ ಶಾಸಕರನ್ನು ಒತ್ತಾಯಿಸಬಹುದು, ಮಿತಿಯೊಳಗೆ. 1976ರ ತಿದ್ದುಪಡಿಯ ಪ್ರಕಾರ ಅರ್ಜಿ ಹಾಕಿ ಲೆಕ್ಕದ ಮಿತಿ ಆರಿಸಿಕೊಂಡರೆ, ಸೇವಾಖರ್ಚಿನ ಮೊದಲ 5,00,000 ಡಾಲರಿಗೆ ಶೇ. 20. ಅಂದರೆ ವರ್ಷಕ್ಕೆ 4,00,000 ಡಾಲರ್ ಖರ್ಚು ಮಾಡುವ ಸಂಸ್ಥೆ 80,000 ಡಾಲರಿನವರೆಗೆ ಇದಕ್ಕೆ ಬಳಸಬಹುದು. ಅದರಲ್ಲಿ ‘ನಿಮ್ಮ ಶಾಸಕರಿಗೆ ಫೋನ್ ಮಾಡಿ’ ಎಂದು ಸಾರ್ವಜನಿಕರನ್ನು ಕೇಳುವ ಪ್ರಚಾರಕ್ಕೆ ಕಾಲು ಭಾಗ, 20,000 ಮಾತ್ರ. ಈ ಅರ್ಜಿ ಒಂದೇ ಪುಟದ್ದು, ಆದರೂ ಎಷ್ಟೋ ಸಂಸ್ಥೆಗಳು ಹಾಕುವುದೇ ಇಲ್ಲ. ಆಗ ‘ಗಣನೀಯವಾಗಿರಬಾರದು’ ಎಂಬ ಅಸ್ಪಷ್ಟ ನಿಯಮಕ್ಕೆ ಸಿಕ್ಕಿ ಬಾಯಿ ಮುಚ್ಚಿಕೊಂಡಿರುತ್ತವೆ.

ಕಟ್ಟಡದೊಳಗೆ ನುಗ್ಗಿ ಕೂರುವುದು? ಕಾನೂನು ಮುರಿಯುವ ಪ್ರತಿಭಟನೆಯನ್ನೇ ಮುಖ್ಯ ಕೆಲಸ ಮಾಡಿಕೊಂಡ ಸಂಸ್ಥೆಗೆ ವಿನಾಯಿತಿ ಇಲ್ಲ ಎಂದು ತೆರಿಗೆ ಇಲಾಖೆ 1975ರಲ್ಲಿ ಹೇಳಿದೆ. 1972ರ ಗುಂಪು ಇಂದು ಅದೇ ದಾರಿ ಹಿಡಿಯುವುದಾದರೆ ಮೊದಲು ವಕೀಲರ ಮನೆ ಬಾಗಿಲು ತಟ್ಟಬೇಕು.

ಪ್ಲಾಜಾ ರೊಬೆರ್ಟೊ ಮಾಯೆಸ್ತಾಸ್ ಎಂದರೇನು? ಅಲ್ಲಿ ಬಾಡಿಗೆ ಹೇಗೆ ನಿಗದಿಯಾಗುತ್ತದೆ?

2009ರ ಜುಲೈನಲ್ಲಿ ಬೀಕನ್ ಹಿಲ್‌ಗೆ ಲೈಟ್ ರೈಲು ಬಂತು. ನಿಲ್ದಾಣ ಸಂಸ್ಥೆಯ ಪಕ್ಕದಲ್ಲೇ. ರೈಲು ಬಂದರೆ ಜಾಗದ ಬೆಲೆ ಏರುತ್ತದೆ, ಬೆಲೆ ಏರಿದರೆ ಬಾಡಿಗೆದಾರರು ಊರಾಚೆ ಹೋಗುತ್ತಾರೆ. ಬೆಂಗಳೂರಿನ ಮೆಟ್ರೊ ಪಕ್ಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಂಸ್ಥೆ ತನ್ನ ಕಾರು ನಿಲ್ಲಿಸುವ ಜಾಗದಲ್ಲಿ 112 ಮನೆಗಳನ್ನು ಕಟ್ಟಿ 2016ರಲ್ಲಿ ತೆರೆಯಿತು. ಕೆಳಗೆ ಶಿಶುವಿಹಾರದ ಹೊಸ ತರಗತಿಗಳು, ಸಭಾಭವನ, ಅಂಗಡಿಗಳು. ಶಿಶುವಿಹಾರಕ್ಕೆ ಕ್ಯೂಬಾದ ಕವಿ ಹೊಸೆ ಮಾರ್ತಿಯ ಹೆಸರು.

ಈ ಮನೆಗಳು ಪ್ರದೇಶದ ಮಧ್ಯಮ ಆದಾಯದ (ಅರ್ಧ ಕುಟುಂಬಗಳು ಅದಕ್ಕಿಂತ ಹೆಚ್ಚು, ಅರ್ಧ ಕಡಿಮೆ ದುಡಿಯುವ ಮಟ್ಟ) ಶೇ. 30ರಿಂದ 60ರೊಳಗೆ ದುಡಿಯುವವರಿಗೆ. ಇಂಥ ಮನೆಗಳ ಬಾಡಿಗೆಯ ಲೆಕ್ಕ ಹೀಗೆ. ಒಂದು ಅಳತೆಯ ಕುಟುಂಬಕ್ಕೆ ಮಧ್ಯಮ ಆದಾಯ 1,00,000 ಡಾಲರ್ ಎಂದು ಇಟ್ಟುಕೊಳ್ಳಿ. ಶೇ. 60 ಎಂದರೆ 60,000. ಅದರ ಶೇ. 30 ಬಾಡಿಗೆಯ ಮೇಲ್ಮಿತಿ: ವರ್ಷಕ್ಕೆ 18,000, ತಿಂಗಳಿಗೆ 1,500 ಡಾಲರ್. ಬಾಡಿಗೆದಾರರೇ ಕಟ್ಟುವ ವಿದ್ಯುತ್, ನೀರಿನ ಖರ್ಚಿನ ಅಂದಾಜನ್ನು ಇದರಲ್ಲೇ ಕಳೆಯುತ್ತಾರೆ.

ಜನ ಎಡವುವುದು ಎಲ್ಲಿ? ‘ನನ್ನ ಸಂಬಳದ ಶೇ. 30’ ಎಂದುಕೊಳ್ಳುತ್ತಾರೆ. ಅಲ್ಲ, ಆ ವರ್ಗಕ್ಕೆ ನಿಗದಿಯಾದ ಆದಾಯಮಿತಿಯ ಶೇ. 30. ನಿಮ್ಮ ಸಂಬಳ 45,000 ಇದ್ದರೂ ಆ ಮನೆಗೆ ಬಾಡಿಗೆ 1,500ರವರೆಗೆ ಇರಬಹುದು. ಇನ್ನೊಂದು, ಸುತ್ತಲಿನವರ ಸಂಬಳ ಏರಿದಂತೆ ಮಧ್ಯಮ ಆದಾಯ ಏರುತ್ತದೆ, ಅದರ ಬೆನ್ನಿಗೆ ಈ ಬಾಡಿಗೆಯ ಮಿತಿಯೂ. ಸಾಫ್ಟ್‌ವೇರ್ ಕಂಪನಿಗಳ ಸಿಯಾಟಲ್‌ನಲ್ಲಿ ‘ಕೈಗೆಟಕುವ ಮನೆ’ ಎನ್ನುವ ಮಾತಿನ ಕೀಲು ಸಡಿಲವಾಗಿರುವುದು ಇಲ್ಲೇ.

ಇಂಥ ಸ್ಥಳೀಯ ಸಂಸ್ಥೆಯ ಚರಿತ್ರೆಯನ್ನು ಪರಿಶೀಲಿಸುವುದು ಹೇಗೆ?

ಸಂಸ್ಥೆ ಹೇಳಿಕೊಳ್ಳುವ ಕಥೆಯಿಂದ ಶುರು ಮಾಡಿ, ಅಲ್ಲೇ ನಿಲ್ಲಬೇಡಿ. ಮೊದಲು ರಾಜ್ಯದ ಕಾರ್ಯದರ್ಶಿ ಕಚೇರಿಯ ನೋಂದಣಿ ದಾಖಲೆ ತೆಗೆಸಿ. ಹೋರಾಟ ಶುರುವಾದ ದಿನ, ನೋಂದಣಿಯಾದ ದಿನ, ತೆರಿಗೆ ವಿನಾಯಿತಿ ಸಿಕ್ಕ ದಿನ, ಈ ಮೂರೂ ಸಾಮಾನ್ಯವಾಗಿ ಬೇರೆ ಬೇರೆ. ‘ಸ್ಥಾಪನೆ’ ಎಂದು ಯಾವುದನ್ನು ಬರೆಯುತ್ತಿದ್ದೀರಿ ಎಂದು ಸ್ಪಷ್ಟ ಮಾಡದಿದ್ದರೆ ಮುಂದಿನವರು ನಿಮ್ಮ ತಪ್ಪನ್ನೇ ನಕಲು ಮಾಡುತ್ತಾರೆ.

ಆಮೇಲೆ ಆಸ್ತಿ ದಾಖಲೆ. ಕೌಂಟಿ ಕಚೇರಿಯಲ್ಲಿ ಕ್ರಯಪತ್ರ ಸಿಗುತ್ತದೆ. ನಗರಸಭೆಯ ನಡಾವಳಿ ಸಿಯಾಟಲ್ ಮುನಿಸಿಪಲ್ ಆರ್ಕೈವ್ಸ್‌ನಲ್ಲಿ. ಹೋರಾಟಗಾರರ ಬಾಯಿಮಾತಿನ ನೆನಪುಗಳನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದ ನಾಗರಿಕ ಹಕ್ಕುಗಳ ಚರಿತ್ರೆ ಯೋಜನೆಯವರು ದಾಖಲಿಸಿದ್ದಾರೆ. ಬಾಯಿಮಾತು ‘ಏಕೆ’ ಎಂಬುದಕ್ಕೆ ಚೆನ್ನು, ‘ಯಾವತ್ತು’ ಎಂಬುದಕ್ಕಲ್ಲ. ತಾರೀಕಿಗೆ ಆ ವಾರದ ಪತ್ರಿಕೆ ನೋಡಿ.

ಹಣದ ಚರಿತ್ರೆಗೆ ಸಂಸ್ಥೆಗಳು ತೆರಿಗೆ ಇಲಾಖೆಗೆ ಸಲ್ಲಿಸುವ 990 ಎಂಬ ವಾರ್ಷಿಕ ನಮೂನೆ. ಇತ್ತೀಚಿನ ಮೂರು ವರ್ಷದ ಪ್ರತಿಯನ್ನು ಕೇಳಿದವರಿಗೆಲ್ಲ ತೋರಿಸಲೇಬೇಕು. ಮಾಮೂಲಿ ಆದಾಯ 50,000 ಡಾಲರ್ ಮೀರದ ಸಣ್ಣ ಸಂಸ್ಥೆ 990-ಎನ್ ಎಂಬ ಅಂಚೆಕಾರ್ಡಿನಷ್ಟು ಚಿಕ್ಕ ಇ-ನಮೂನೆ ತುಂಬಿದರೆ ಸಾಕು. ಹಣಕಾಸು ವರ್ಷ ಮುಗಿದ ಐದನೇ ತಿಂಗಳ 15ನೇ ತಾರೀಕು ಗಡುವು. ಡಿಸೆಂಬರಿಗೆ ಲೆಕ್ಕ ಮುಗಿಸುವವರಿಗೆ ಮೇ 15. ಸತತ ಮೂರು ವರ್ಷ ಸಲ್ಲಿಸದಿದ್ದರೆ ವಿನಾಯಿತಿ ತಾನಾಗಿಯೇ ರದ್ದು. ಸಣ್ಣ ಸಂಘಗಳು ಬೀಳುವುದು ಇಲ್ಲೇ: ಖಜಾಂಚಿ ಊರು ಬದಲಿಸಿರುತ್ತಾರೆ, ಇಲಾಖೆಯ ಪತ್ರ ಹಳೇ ವಿಳಾಸಕ್ಕೆ ಹೋಗುತ್ತಿರುತ್ತದೆ.

ನವೆಂಬರ್‌ನಲ್ಲಿ ಅಲ್ಲಿ ಸತ್ತವರ ಹಬ್ಬ ಮಾಡುತ್ತಾರಂತೆ?

‘ದಿಯಾ ದೆ ಲೊಸ್ ಮುಯೆರ್ತೊಸ್’, ನವೆಂಬರ್ 1 ಮತ್ತು 2. ಸಂಸ್ಥೆಯಲ್ಲಿ ಇದಕ್ಕಾಗಿ ಒಫ್ರೆಂದಾಗಳನ್ನು ಜೋಡಿಸಿ ಪ್ರದರ್ಶನ ಇಡುತ್ತಾರೆ. ಒಫ್ರೆಂದಾ ಎಂದರೆ ಎಡೆ. ತೀರಿಕೊಂಡವರ ಫೋಟೊ, ಮೇಣದ ಬತ್ತಿ, ನೀರು, ಉಪ್ಪು, ಅವರಿಗೆ ಇಷ್ಟವಿದ್ದ ತಿಂಡಿ. ಮಹಾಲಯಕ್ಕೆ ಎಡೆ ಇಟ್ಟು ಅಭ್ಯಾಸವಿದ್ದವರಿಗೆ ವಿವರಣೆಯೇ ಬೇಡ. ಸುತ್ತ ಹರಡುವ ಕಿತ್ತಳೆ ಬಣ್ಣದ ಹೂವನ್ನು ನೋಡಿ: ನಾವು ಆಯುಧಪೂಜೆಗೆ ಗಾಡಿಗೆ ಕಟ್ಟುವ ಚೆಂಡು ಹೂವೇ. ಅದರ ತವರು ಮೆಕ್ಸಿಕೊ. ಅಲ್ಲಿ ಅದು ಸೆಂಪಸುಚಿಲ್.

ನೋಡಲು ಹೋಗುವುದು ಹೇಗೆ?

ಲೈಟ್ ರೈಲಿನಲ್ಲಿ ಬೀಕನ್ ಹಿಲ್ ನಿಲ್ದಾಣದಲ್ಲಿ ಇಳಿಯಿರಿ. ಪ್ಲಾಟ್‌ಫಾರ್ಮ್ ನೆಲದಿಂದ ಸುಮಾರು 50 ಮೀಟರ್ ಕೆಳಗಿದೆ. ತುರ್ತಿನ ಮೆಟ್ಟಿಲು ಬಿಟ್ಟರೆ ಲಿಫ್ಟೇ ಗತಿ. ಲಿಫ್ಟ್ ಕೆಟ್ಟ ದಿನ 36ನೇ ನಂಬರಿನ ಬಸ್ ಹಿಡಿಯಿರಿ, ಅದೂ ಅಲ್ಲೇ ಬರುತ್ತದೆ. ಮೇಲೆ ಬಂದು ರಸ್ತೆ ದಾಟಿ 16ನೇ ಅವೆನ್ಯೂ ಸೌತ್ ಕಡೆ ನಡೆದರೆ ಹಳೇ ಶಾಲೆ ಕಾಣಿಸುತ್ತದೆ. ಒಳಗಿನ ಕೋಣೆಗಳಲ್ಲಿ ಕೆಲಸ ನಡೆಯುತ್ತಿರುತ್ತದೆ, ಮ್ಯೂಸಿಯಂ ಅಲ್ಲ. ಗುಂಪಾಗಿ ಹೋಗುವುದಾದರೆ ಮೊದಲೇ ತಿಳಿಸಿ ಹೋಗಿ.